ನಾಲ್ವರು ಸವಾರರು: ಒಂದು ಕ್ರೀಡಾವರದಿಯ ಪೀಠಿಕೆ

ವೃತ್ತಪತ್ರಿಕೆಯ ವರದಿಯಲ್ಲಿ ಮೊದಲನೆಯ ವಾಕ್ಯವು ಉಳಿದೆಲ್ಲ ವಾಕ್ಯಗಳ ಭಾರವನ್ನೂ ಹೊರಬೇಕಾಗುವುದು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಪ್ರಶ್ನೆಗಳಿಗೆ ಆರಂಭದಲ್ಲಿಯೇ ಉತ್ತರವನ್ನು ಕೊಟ್ಟುಬಿಡಬೇಕೆಂಬುದು ಅಮೆರಿಕದ ಪತ್ರಿಕಾಲಯಗಳಲ್ಲಿ ತರುಣ ಬಾತ್ಮೀದಾರರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ. ಈ ಪಾಠವನ್ನು ಅಷ್ಟಾಗಿ ಲೆಕ್ಕಿಸದೆ ಬರೆದ ಒಂದು ಪೀಠಿಕೆಯೇ ಆ ದೇಶದ ಕ್ರೀಡಾವಾಙ್ಮಯದಲ್ಲಿ ಬಹು ಪ್ರಸಿದ್ಧವಾಗಿ ನಿಂತಿರುವುದು ವಿನೋದದ ಸಂಗತಿ. ಅದು ಪ್ರಸಿದ್ಧವಾದಷ್ಟು ನಿರ್ದುಷ್ಟವೂ ಆಗಿತ್ತೇ ಎಂಬುದು ಬೇರೆ ಮಾತು.

1924ನೆಯ ಅಕ್ಟೋಬರ್ 18, ಶನಿವಾರ. ನ್ಯೂಯಾರ್ಕ್ ನಗರದ ಪೋಲೋ ಗ್ರೌಂಡ್ಸ್ ಎಂಬ ಬಯಲಿನಲ್ಲಿ ಇಂಡಿಯಾನಾ ಪ್ರಾಂತದ ನೋಟರ್ ಡೇಮ್ ವಿಶ್ವವಿದ್ಯಾನಿಲಯದವರಿಗೂ ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯದವರಿಗೂ ಕಾಲ್ಚೆಂಡಿನ ಪಂದ್ಯ ನಡೆಯಿತು. ಹೆಸರಿಗೆ ಕಾಲ್ಚೆಂಡಾದರೂ ಆ ದೇಶದ ಈ ಆಟದಲ್ಲಿ ಚೆಂಡು ಕಾಲಿಗಿಂತ ಕೈಯಲ್ಲಿಯೇ ಹೆಚ್ಚು ಹೊತ್ತು ಇರುವುದು. ಅದನ್ನು ಅಪ್ಪಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವುದೇ ಆಟದ ಜೀವಾಳ. ನೋಟರ್ ಡೇಮ್ ತಂಡವು 13–7ರಿಂದ ಗೆದ್ದಿತು. ‘ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್’ ಪತ್ರಿಕೆಗೆ ಇದನ್ನು ವರದಿ ಮಾಡಿದವನು ಗ್ರಾಂಟ್‌ಲೆಂಡ್ ರೈಸ್. ಟೆನೆಸ್ಸೀ ಪ್ರಾಂತದಲ್ಲಿ 1880ರಲ್ಲಿ ಹುಟ್ಟಿ, ವಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದಲ್ಲಿ ಓದಿ, ವರದಿಗಳ ನಡುವೆ ಪದ್ಯವನ್ನೂ ಹೆಣೆಯುತ್ತಿದ್ದ ಮನುಷ್ಯ.

ಪಾಠದಂತೆ ಬರೆದಿದ್ದರೆ ರೈಸನ ಮೊದಲ ವಾಕ್ಯವು ಹೀಗಿರುತ್ತಿತ್ತು: ನೋಟರ್ ಡೇಮ್ ತಂಡವು ಶನಿವಾರ ಪೋಲೋ ಗ್ರೌಂಡ್ಸಿನಲ್ಲಿ 55,000 ಪ್ರೇಕ್ಷಕರೆದುರಿಗೆ ಸೈನಿಕ ವಿದ್ಯಾಲಯದ ತಂಡವನ್ನು 13–7ರಿಂದ ಸೋಲಿಸಿತು. ಇದರಲ್ಲಿ ತಪ್ಪೇನೂ ಇಲ್ಲ. ಮರುದಿನ ನೆನಪಿನಲ್ಲಿ ಉಳಿಯುವಂಥದೂ ಏನೂ ಇಲ್ಲ. ರೈಸನು ಆಕಾಶದಿಂದ ಆರಂಭಿಸಿದನು. ಅಕ್ಟೋಬರ್ ತಿಂಗಳ ಬೂದುನೀಲಿಯ ಬಾನಿಗೆದುರಾಗಿ ನಾಲ್ವರು ಸವಾರರು ಮತ್ತೆ ಹೊರಟರೆಂದೂ, ಕಥೆಗಳಲ್ಲಿ ಅವರಿಗೆ ಕ್ಷಾಮ, ಮಹಾಮಾರಿ, ವಿನಾಶ, ಮೃತ್ಯು ಎಂಬ ಹೆಸರುಗಳಿದ್ದರೂ ಅವು ಬರಿಯ ಮಾರುವೇಷದ ಹೆಸರುಗಳೆಂದೂ ಹೇಳಿ, ನಿಜವಾದ ಹೆಸರುಗಳೆಂದು ನೋಟರ್ ಡೇಮಿನ ಹಿಂದಣ ಸಾಲಿನ ಸ್ಟುಲ್‌ಡ್ರೆಹರ್, ಮಿಲ್ಲರ್, ಕ್ರೌಲಿ, ಲೇಡನ್ ಎಂಬ ನಾಲ್ವರನ್ನು ತಂದು ನಿಲ್ಲಿಸಿದನು. ಬೈಬಲ್ಲಿನ ಕಡೆಯ ಗ್ರಂಥದಲ್ಲಿ ಪ್ರಳಯವನ್ನು ಹೊತ್ತು ಬರುವ ಸವಾರರು ಇವರು. ಆದರೆ ನಾಲ್ವರಲ್ಲಿ ಒಬ್ಬನೂ ಆರಡಿ ಮೀರಿದವನಲ್ಲ, ತೂಕದಲ್ಲಿಯೂ ಭಾರಿಯಾದವನಲ್ಲ!

ಈ ಉಪಮಾನವು ಎಲ್ಲಿಂದ ಬಂದಿತೆಂಬುದಕ್ಕೆ ಎರಡು ಸಾಕ್ಷ್ಯಗಳಿವೆ. ಅದೇ ಹೆಸರಿನ ಕಾದಂಬರಿಯಿಂದ ತೆಗೆದ ಚಲಚ್ಚಿತ್ರವೊಂದು 1921ರಲ್ಲಿ ಹೊರಬಿದ್ದು ಜನಪ್ರಿಯವಾಗಿದ್ದಿತು. ನೋಟರ್ ಡೇಮಿನ ಪ್ರಚಾರಕಾರ್ಯಕ್ಕೆ ನೆರವಾಗುತ್ತಿದ್ದ ಸ್ಟ್ರಿಕ್ಲರ್ ಎಂಬ ವಿದ್ಯಾರ್ಥಿಯು, ಆಟದ ವಿರಾಮದಲ್ಲಿ ಆ ಚಿತ್ರವನ್ನು ನೆನೆದು ತಾನಾಡಿದ ಮಾತನ್ನು ರೈಸನು ಕೇಳಿಸಿಕೊಂಡನೆಂದು ಮುಂದೆ ಹೇಳಿದನು. ರೈಸನ ಹೇಳಿಕೆ ಬೇರೆ. 1923ರಲ್ಲಿ ಇದೇ ತಂಡಗಳ ಆಟವನ್ನು ಬ್ರೂಕ್ಲಿನ್ನಿನಲ್ಲಿ ಬಯಲಂಚಿನಲ್ಲಿ ನಿಂತು ನೋಡುತ್ತಿದ್ದಾಗ ಈ ಓಟಗಾರರು ತನ್ನ ಮೇಲೆಯೇ ಹಾರಿಬಂದರೆಂದೂ, ಅದು ಕುದುರೆಗಳ ದಾಳಿಯಂತೆ ಕಂಡಿತೆಂದೂ 1954ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಅವನು ಬರೆದನು. ಎರಡನ್ನೂ ನಂಬಲಡ್ಡಿಯಿಲ್ಲ: ಕುದುರೆಗಳು ವರ್ಷದಿಂದ ಮನಸ್ಸಿನಲ್ಲಿ ನಿಂತಿದ್ದವು, ಸವಾರರ ಹೆಸರು ಆ ಮಧ್ಯಾಹ್ನ ಸಿಕ್ಕಿರಬಹುದು. ಸ್ಟ್ರಿಕ್ಲರನಂತೂ ಊರಿಗೆ ಹಿಂದಿರುಗಿದೊಡನೆ ನಾಲ್ಕು ಕುದುರೆಗಳನ್ನು ತರಿಸಿ, ನಾಲ್ವರನ್ನೂ ಆಟದ ಉಡುಪಿನಲ್ಲಿಯೇ ಹತ್ತಿಸಿ ಛಾಯಾಚಿತ್ರ ತೆಗೆಸಿದನು. ಪೀಠಿಕೆಯ ಕೀರ್ತಿಯಲ್ಲಿ ಈ ಚಿತ್ರದ ಪಾಲೂ ಸಣ್ಣದಲ್ಲ.

ದೋಷಗಳನ್ನು ಹುಡುಕಲು ಸೂಕ್ಷ್ಮದೃಷ್ಟಿ ಬೇಕಿಲ್ಲ. ಆಟಗಾರರು ಆಕಾಶಕ್ಕೆದುರಾಗಿ ಕಾಣಬೇಕಾದರೆ ನೋಡುವವನು ನೆಲದಲ್ಲಿ ಮಲಗಿರಬೇಕಷ್ಟೆ ಎಂದು ಮುಂದಿನ ತಲೆಮಾರಿನ ಪತ್ರಿಕೋದ್ಯೋಗಿಗಳು ನಕ್ಕರು. ರೈಸನಾದರೋ ಅದೇ ಪೀಠಿಕೆಯ ಕೊನೆಯಲ್ಲಿ ಪ್ರೇಕ್ಷಕರೆಲ್ಲ ಹಸುರು ಬಯಲನ್ನು ಮೇಲಿನಿಂದ ಇಣಿಕಿ ನೋಡುತ್ತಿದ್ದರೆಂದು ಬರೆದಿದ್ದಾನೆ! ಸವಾರರು ಎರಡು ವಾಕ್ಯ ಕಳೆಯುವುದರೊಳಗೆ ಚಂಡಮಾರುತದ ಶಿಖರವಾಗಿ ಎದುರಾಳಿಗಳನ್ನು ಪ್ರಪಾತಕ್ಕೆ ಕೊಚ್ಚಿ ಹಾಕುವರು. ಸಂಪಾದಕನು ಕೆಂಪು ಸೀಸದಕಡ್ಡಿಯನ್ನು ಹಿಡಿದು ನಾಲ್ಕು ಹೆಸರುಗಳ ಮುಂದೆ ಪೂರ್ಣವಿರಾಮವನ್ನಿಟ್ಟು, ಮಾರುತದ ಸ್ಥಾನದಲ್ಲಿ 13–7 ಎಂಬ ಎರಡು ಅಂಕಿಗಳನ್ನು ಸೇರಿಸಿದ್ದರೆ ಪೀಠಿಕೆಗೆ ನಷ್ಟವೇನೂ ಆಗುತ್ತಿರಲಿಲ್ಲ.

ಇದಕ್ಕಿಂತ ಗುರುತರವಾದ ಕೊರತೆ ಮತ್ತೊಂದುಂಟು. ಆ ತಂಡದಲ್ಲಿ ಎದುರಾಳಿಗಳನ್ನು ತಡೆದು ದಾರಿ ಬಿಡಿಸಿಕೊಡುವ ಏಳು ಮಂದಿ ಮುಂದಾಳುಗಳಿದ್ದರು. ಸವಾರರಿಗೆ ಸರಿಜೋಡಿಯಾಗಿ ಅವರಿಗೆ ‘ಏಳು ಹೇಸರಗತ್ತೆಗಳು’ ಎಂಬ ಹೆಸರು ಬಿದ್ದಿತು. ತಂಡದ ನಾಯಕ ಆಡಮ್ ವಾಲ್ಷನೇ ಈ ಏಳರಲ್ಲಿ ಒಬ್ಬ. ಆ ದಿನ ಅವನು ಎರಡು ಕೈಗಳ ಎಲುಬೂ ಮುರಿದಿದ್ದಾಗ ಆಡಿದನು. ಅಂದಿನ ಪೀಠಿಕೆಯಲ್ಲಿ ಅವನಿಗೆ ಎಡೆ ದೊರೆಯಲಿಲ್ಲ. ಅಮೆರಿಕದ ಅಂಚೆಯವರು 1998ರಲ್ಲಿ ಚೀಟಿ ಹೊರಡಿಸಿದಾಗಲೂ ಅದು ನಾಲ್ವರ ಹೆಸರಿನಲ್ಲಿಯೇ ಬಂದಿತು.

ಆ ಕಾಲಕ್ಕೆ ನೋಟರ್ ಡೇಮಿನಲ್ಲಿ ಓದುತ್ತಿದ್ದು 1927ರಲ್ಲಿ ಪದವಿ ಪಡೆದ ರೆಡ್ ಸ್ಮಿತ್ ಎಂಬವನು ಕಾಲಕ್ರಮದಲ್ಲಿ ಅದೇ ಹೆರಾಲ್ಡ್ ಟ್ರಿಬ್ಯೂನನ್ನು ಸೇರಿದನು. 1951ನೆಯ ಅಕ್ಟೋಬರ್ 3ರಂದು, ಅದೇ ಪೋಲೋ ಗ್ರೌಂಡ್ಸಿನಲ್ಲಿ, ಬೇಸ್‌ಬಾಲ್ ಪಂದ್ಯದ ಕಟ್ಟಕಡೆಯ ಸರದಿಯಲ್ಲಿ ಬಾಬಿ ಥಾಮ್ಸನ್ ಹೊಡೆದ ಒಂದೇ ಹೊಡೆತದಿಂದ ಜೈಂಟ್ಸ್ ತಂಡವು ಡಾಡ್ಜರ್ಸ್ ತಂಡವನ್ನು 5–4ರಿಂದ ಸೋಲಿಸಿತು. ರೇಡಿಯೋ ಮತ್ತು ದೂರದರ್ಶನಗಳಿಂದ ಫಲಿತಾಂಶವು ಪತ್ರಿಕೆಗಿಂತ ಮೊದಲೇ ಮನೆಮನೆಗೆ ಮುಟ್ಟಿದ್ದಿತು. ಸ್ಮಿತ್ತನು ಅಂಕಿಗಳಿಂದಲೂ ಆರಂಭಿಸಲಿಲ್ಲ, ಆಕಾಶದಿಂದಲೂ ಆರಂಭಿಸಲಿಲ್ಲ. ಕಥೆ ಮುಗಿಯಿತು, ಅದನ್ನು ಹೇಳುವ ಬಗೆಯೇ ಇಲ್ಲ, ನಿಜವು ಕಲ್ಪನೆಯ ಕತ್ತನ್ನು ಹಿಸುಕಿತು ಎಂಬರ್ಥದ ಪುಟ್ಟ ಪುಟ್ಟ ವಾಕ್ಯಗಳನ್ನು ಒಂದರ ಹಿಂದೊಂದಾಗಿ ಇಟ್ಟನು. ಆ ಬಯಲನ್ನು 1964ರಲ್ಲಿ ಕೆಡವಿದರು. ಪತ್ರಿಕೆಯು 1966ರಲ್ಲಿ ನಿಂತಿತು.