ಪಣಕ್ಕೊಂದು ಎಲ್ಲೆ

ಹಸ್ತಿನಾವತಿಯ ಸಭೆಯಲ್ಲಿ ಧರ್ಮರಾಯ ಮೊದಲು ಸಂಪತ್ತನ್ನು ಪಣಕ್ಕೊಡ್ಡಿದ. ನಂತರ ತಮ್ಮಂದಿರನ್ನು, ತನ್ನನ್ನು, ಕೊನೆಗೆ ದ್ರೌಪದಿಯನ್ನು. ಆಕೆ ಎತ್ತಿದ ಪ್ರಶ್ನೆ ಒಂದೇ: ಮೊದಲು ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಹಕ್ಕೆಲ್ಲಿತ್ತು? ಸಭೆಯ ಹಿರಿಯರಿಂದ ಉತ್ತರ ಬರಲಿಲ್ಲ. ಪಣ ಏರುತ್ತಾ ಹೋದಾಗ ಎಲ್ಲಿ ನಿಲ್ಲಬೇಕೆಂಬ ನಿಯಮ ಆ ಪಗಡೆಯಾಟಕ್ಕೆ ಇರಲಿಲ್ಲ.

ಈ ಪ್ರಶ್ನೆಗೆ ಒಂದು ಬಗೆಯ ಉತ್ತರ ಹುಡುಕಿಕೊಂಡದ್ದು ಪೋಕರ್ ಎಂಬ ಇಸ್ಪೀಟಾಟ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲೂ ಮಿಸಿಸಿಪ್ಪಿ ನದಿಯ ಹಬೆಹಡಗುಗಳಲ್ಲೂ ಇದು ಬೆಳೆಯಿತು. ಹಣವಂತ ಪಣ ಏರಿಸುತ್ತಲೇ ಹೋದರೆ ಬಡವ ಒಳ್ಳೆಯ ಎಲೆ ಹಿಡಿದೂ ಸೋಲಬೇಕಾಗುತ್ತಿತ್ತು. ಕಾಲಕ್ರಮದಲ್ಲಿ ಒಂದು ಕಟ್ಟಳೆ ನೆಲೆಗೊಂಡಿತು: ಆಟ ಶುರುವಾದಾಗ ಮೇಜಿನ ಮೇಲೆ ಇದ್ದುದಷ್ಟೇ ಪಣ. ಜೇಬಿಗೂ ಮನೆಗೂ ಕೈಹಾಕುವಂತಿಲ್ಲ. ಇರುವುದನ್ನೆಲ್ಲ ಮುಂದೆ ತಳ್ಳಿದವನು ಪ್ರತಿಯೊಬ್ಬ ಎದುರಾಳಿಯಿಂದ ಗೆಲ್ಲಬಹುದಾದದ್ದು ಅಷ್ಟನ್ನೇ. ಮಿಕ್ಕವರ ಹೆಚ್ಚಿನ ಪಣ ಬೇರೆ ರಾಶಿಗೆ ಹೋಗುತ್ತದೆ.

‘ನೋ ಲಿಮಿಟ್’ ಎಂದರೆ ಮಿತಿಯಿಲ್ಲದ್ದು ಎಂದರ್ಥ. ಆದರೆ ಅಲ್ಲೂ ಲೆಕ್ಕವಿದೆ. ಒಬ್ಬ 100 ಇಟ್ಟ, ಎರಡನೆಯವನು 300ಕ್ಕೆ ಏರಿಸಿದ ಎನ್ನೋಣ. ಏರಿಕೆ 200. ಮುಂದಿನವನು ಏರಿಸುವುದಾದರೆ ಕನಿಷ್ಠ 500ಕ್ಕೆ ಏರಿಸಬೇಕು. ಅವನಲ್ಲಿ ಇರುವುದೇ 400 ಆದರೆ? ಎಲ್ಲವನ್ನೂ ಇಡಬಹುದು. ಆದರೆ ಅದು ಪೂರ್ಣ ಏರಿಕೆಯಲ್ಲ. ಮೊದಲನೆಯವನು ಆ 400ಕ್ಕೆ ಸರಿಗಟ್ಟಿ ಸುಮ್ಮನಾದರೆ, ಎರಡನೆಯವನು ಇನ್ನೂ 100 ಸೇರಿಸಬೇಕು, ಇಲ್ಲವೇ ಎಲೆ ಕೆಳಗಿಡಬೇಕು, ಮತ್ತೆ ಏರಿಸುವಂತಿಲ್ಲ. ಒಂದಿಷ್ಟು ಬಿಲ್ಲೆ ಇಟ್ಟು, ಎದುರಾಳಿಯ ಮುಖ ನೋಡಿ, ಮತ್ತಷ್ಟು ಇಡುವುದಕ್ಕೂ ನಿಷೇಧವಿದೆ.

1970ರಲ್ಲಿ ಲಾಸ್ ವೇಗಸ್‌ನ ಹಾರ್ಸ್‌ಶೂ ಕ್ಯಾಸಿನೊದ ಒಡೆಯ ಬೆನ್ನಿ ಬಿನಿಯನ್ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಆರಂಭಿಸಿದ. ಆ ವರ್ಷ ಜಾನಿ ಮಾಸ್‌ನನ್ನು ಆಟಗಾರರು ಮತ ಹಾಕಿ ಆರಿಸಿದರು. 1971ರಿಂದ ಅದು ಟೂರ್ನಿಯಾಯಿತು: ಪ್ರವೇಶ ಹಣ ಕಟ್ಟಿ ಬಿಲ್ಲೆ ಪಡೆಯಬೇಕು, ಬಿಲ್ಲೆ ಮುಗಿದವನು ಎದ್ದುಹೋಗಬೇಕು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ, ಅಂತರ್ಜಾಲದ ಆಟದಲ್ಲಿ ಅಲ್ಪ ಮೊತ್ತಕ್ಕೆ ಪ್ರವೇಶ ಗೆದ್ದು, 839 ಜನರ ನಡುವೆ 25 ಲಕ್ಷ ಡಾಲರ್ ಬಾಚಿದ. ಅಲ್ಲಿಂದಾಚೆಗೆ ಲಕ್ಷಾಂತರ ಜನ ಅಂತರ್ಜಾಲದ ಮೇಜಿಗೆ ಮುಗಿಬಿದ್ದರು.

ಆ ಮೇಜು ನಮ್ಮಲ್ಲಿಗೂ ಬಂತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಇಂಥ ಆಟಗಳ ವಿರುದ್ಧ ಕಾಯ್ದೆ ಅಂಗೀಕರಿಸಿತು.

ಕೌಶಲವೋ ಅದೃಷ್ಟವೋ ಎಂಬುದೇ ಕೋರ್ಟುಗಳ ಮುಂದಿದ್ದ ದೊಡ್ಡ ವಾದ. ನನಗೆ ಕಾಡುವುದು ಮಾತ್ರ ಮೇಜಿನ ಕಟ್ಟಳೆ. ಅದು ಒಂದು ಆಟದ ಮಟ್ಟಿಗೆ ಮನುಷ್ಯನನ್ನು ಕಾಯುತ್ತದೆ. ಮುಂದಿನ ಆಟಕ್ಕೆ ಆತ ಎಲ್ಲಿಂದ ತಂದ ಎಂದು ಯಾರೂ ಕೇಳುವುದಿಲ್ಲ. ಪಾಂಡವರು ಕಳೆದುಕೊಂಡದ್ದನ್ನೆಲ್ಲ ಮರಳಿ ಪಡೆದ ಮೇಲೂ ಎರಡನೆಯ ಸಲ ಆಡಲು ಕೂತರಲ್ಲವೇ?

ನಮ್ಮ ಬೀದಿಯ ಹುಡುಗನೊಬ್ಬ ಫೋನಿನಲ್ಲಿ ಆಡಿ ತಾಯಿಯ ಬಳೆ ಕಳೆದ. ಆಕೆ ನನ್ನ ಬಳಿ ಕೇಳಿದ್ದಿಷ್ಟೇ: “ಅವನು ಇಟ್ಟದ್ದು ಅವನದಾಗಿತ್ತಾ, ಸಾಬ್ರೇ?”

ನನ್ನಲ್ಲೂ ಉತ್ತರವಿರಲಿಲ್ಲ.