ಗಣಪತಿಗಿಂತ ಮೊದಲು ಬಂದವನು

ನಮ್ಮಲ್ಲಿ ಯಾವ ಕೆಲಸಕ್ಕೂ ಗಣಪತಿಯೇ ಮೊದಲು. ಸಾಂಗ್ಲಿಯ ಹಳೆಯ ನಾಟಕಗಳಲ್ಲಿ ಮಾತ್ರ ಅವನಿಗಿಂತ ಮುಂಚೆ ಇನ್ನೊಬ್ಬ ಬರುತ್ತಿದ್ದ. ಸೂತ್ರಧಾರ ಮಂಗಳಪದ ಹಾಡಿದ ಮೇಲೆ, ಮೈಗೆಲ್ಲ ಎಲೆ ಸುತ್ತಿಕೊಂಡು ಕುಣಿಯುತ್ತ ನುಗ್ಗುವ ವಿದೂಷಕ. ನೀನ್ಯಾರು, ಯಾಕೆ ಹಾಡುತ್ತೀ ಎಂದು ಸೂತ್ರಧಾರನನ್ನೇ ಕೆಣಕುತ್ತಿದ್ದ. ಆಮೇಲೆ ಗಣಪತಿಯ ಪ್ರವೇಶ. ದೇವರು ಬಂದರೂ ಇವನ ಬಾಯಿ ಮುಚ್ಚುತ್ತಿರಲಿಲ್ಲ.

ಜತ್ತ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮುಗಿಸಿ ಈಗ ಮಿರಜದಲ್ಲಿದ್ದೇನೆ. ಮೊಮ್ಮಗ ಮೊಬೈಲಿನಲ್ಲಿ ಸ್ಟ್ಯಾಂಡ್-ಅಪ್ ಹಚ್ಚಿ, "ಅಜ್ಜಾ, ಇದು ಹೊಸಾದು, ನಿಮ್ಮ ಕಾಲದಾಗ ಇರಲಿಲ್ಲ" ಅನ್ನುತ್ತಾನೆ. ನನಗೆ ಆ ಎಲೆಯ ಮನುಷ್ಯ ನೆನಪಾಗುತ್ತಾನೆ.

ಅವನ ತವರು ನಮ್ಮ ಕಡೆಯದು. 1842ರ ಸುಮಾರಿಗೆ ಕರ್ನಾಟಕದ ಭಾಗವತ ಮೇಳವೊಂದು ಸಾಂಗ್ಲಿಗೆ ಬಂದು ಆಡಿತು. ಹೊನ್ನಾವರದ ಹತ್ತಿರದ ಕರ್ಕಿಯ ಮೇಳವದು ಎಂಬ ಮಾತು ಯಕ್ಷಗಾನದವರಲ್ಲಿದೆ. ಆ ಮೇಳದ ಮನೆತನದ ಅಡ್ಡಹೆಸರೇ ಹಾಸ್ಯಗಾರ! ಆಟ ನೋಡಿದ ರಾಜ ಚಿಂತಾಮಣರಾವ ಪಟವರ್ಧನರು, ಇಂಥದನ್ನು ಮರಾಠಿಯಲ್ಲಿ ಕಟ್ಟು ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಅದರ ನೆನಪಿಗೆ ಇವತ್ತಿಗೂ ನವೆಂಬರ್ 5 ಮರಾಠಿ ರಂಗಭೂಮಿ ದಿನ.

ಭಾವೆಯವರು ಬರೆದದ್ದು ಪದಗಳನ್ನು. ಮಾತೆಲ್ಲ ನಟರ ಬಾಯಿಗೆ ಬಿಟ್ಟದ್ದು. ರಾಕ್ಷಸ ಅಬ್ಬರಿಸಲೇಬೇಕು, ರಾಜ ಬೀಗಲೇಬೇಕು. ವಿದೂಷಕನಿಗೆ ಮಾತ್ರ ಅಂಥ ಕಟ್ಟಿಲ್ಲ. ಎದುರಿಗೆ ಕೂತ ಜನರ ಮುಖ ನೋಡಿ ಅವನು ಮಾತು ಹುಟ್ಟಿಸಬೇಕು. ಮುಂದೆ ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ನಾಟಕ ನಿಲ್ಲಿಸಿ ಆ ದಿನದ ರಾಜಕಾರಣಿಗಳನ್ನು ತರಾಟೆಗೆ ತೆಗೆದುಕೊಂಡದ್ದೂ ಇದೇ ಸಲಿಗೆಯಿಂದ.

ನಗೆಯ ಇನ್ನೊಂದು ಗುಟ್ಟು ನಮ್ಮ ಗಡಿಯ ನಾಲಿಗೆಯಲ್ಲಿದೆ. ಕನ್ನಡದಲ್ಲಿ ಚಹಾ 'ಅದು'. ಮರಾಠಿಯಲ್ಲಿ ಚಹಾ ಗಂಡಸು! ಮಿರಜ ಸ್ಟೇಶನ್ನಿನಲ್ಲಿ ಹೊಸದಾಗಿ ಬಂದಾಗ ನಾನು "ಚಹಾ ಥಂಡ ಝಾಲೀ" ಎಂದು ಅದನ್ನು ಹೆಣ್ಣು ಮಾಡಿದೆ. "ಝಾಲಾ, ಮಾಸ್ತರ, ಝಾಲಾ" ಎಂದು ಚಹಾದವನು ನಕ್ಕ. "ನಮ್ಮಲ್ಲೆ ತಣ್ಣಗಾದ ಮ್ಯಾಲೆ ಗಂಡಿಲ್ಲ, ಹೆಣ್ಣಿಲ್ಲ" ಅಂದೆ. ಸುತ್ತ ನಿಂತವರೂ ನಕ್ಕರು. ಕಪ್ಪು ತುಂಬ ಬಿಸಿ ಚಹಾ ಪುಕ್ಕಟೆ ಬಂತು.

ಈ ತೊಡರುನಾಲಿಗೆಯನ್ನು ಪ್ರೀತಿಯಿಂದ ಆಲಿಸಿದವರು ಮರಾಠಿಯ ಹಾಸ್ಯಲೇಖಕ ಪು. ಲ. ದೇಶಪಾಂಡೆ. ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಓದಿ, ಬೆಳಗಾವಿಯಲ್ಲಿ ಪಾಠ ಹೇಳಿದವರು. ಅವರು ಚಿತ್ರಿಸಿದ ಬೆಳಗಾವಿಯ ರಾವಸಾಹೇಬರ ಮರಾಠಿ ಕನ್ನಡದ ಲಿಂಗವನ್ನೇ ಹೊತ್ತು ಓಡಾಡುತ್ತದೆ. ಓದಿದವರು ನಗುತ್ತಾರೆ, ಆದರೆ ರಾವಸಾಹೇಬರು ಸಣ್ಣವರಾಗುವುದಿಲ್ಲ. 'ಬಟಾಟ್ಯಾಚಿ ಚಾಳ' ಎಂಬ ಆಟವನ್ನು ಇದೇ ಪು.ಲ. ಒಬ್ಬರೇ ನಿಂತು ಇಡೀ ಸಂಜೆ ನಡೆಸುತ್ತಿದ್ದರು. ಇತ್ತ ಗಂಗಾವತಿ ಪ್ರಾಣೇಶರು ಬೀಚಿಯವರ ನಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಒಂದು ಮೈಕಿನ ಮುಂದೆ ನಿಂತರೆ, ನಮ್ಮ ಮನೆಯ ಅಡಿಗೆಮನೆ, ಮಾವ, ಬೀಗರೆಲ್ಲ ವೇದಿಕೆ ಹತ್ತುತ್ತಾರೆ. ಅದಕ್ಕೇ ಅವರು ನನಗೆ ಇಷ್ಟ.

"ಎಲ್ಲಾರಕಿಂತ ಬೆಸ್ಟ್ ಯಾರು, ಅಜ್ಜಾ?" ಮೊಮ್ಮಗ ಕೇಳಿದ. ಆ ಎಲೆಯವನು ಅಂದೆ. "ಅವನ ಒಂದು ಜೋಕ್ ಹೇಳು ಮತ್ತ." ನಾನು ಬಾಯಿ ತೆರೆದೆ, ಏನೂ ಬರಲಿಲ್ಲ. ಭಾವೆಯವರ ಪದಗಳು ಪುಸ್ತಕವಾಗಿವೆ. ವಿದೂಷಕನ ಮಾತು ಆ ರಾತ್ರಿ ಕೂತವರ ನಗೆಯಲ್ಲೇ ಖರ್ಚಾಗಿಹೋಯಿತು. ನನ್ನ ಪೆಚ್ಚು ಮುಖ ನೋಡಿ ಹುಡುಗ ಬಿದ್ದು ಬಿದ್ದು ನಕ್ಕ.