ಕಡಲೂರಿನ ಪರದೇಶಿಗಳು ಮತ್ತು ಅವರ ಮಕ್ಕಳು

ಅಧ್ಯಾಪಕನಾಗಿದ್ದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ನಾನು ಮಕ್ಕಳಿಗೆ ಕೇಳಿದ ಪ್ರಶ್ನೆಗಳೆಲ್ಲ ಮರೆತುಹೋಗಿವೆ. ಮಕ್ಕಳು ನನಗೆ ಕೇಳಿದ ಕೆಲವು ಪ್ರಶ್ನೆಗಳು ಮಾತ್ರ ಇನ್ನೂ ನೆನಪಿನಲ್ಲಿವೆ. ಅಂಥದ್ದೊಂದನ್ನು 1983ರ ಮಳೆಗಾಲದಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಕೇಳಿದ್ದ. ಮಂಗಳೂರಿನ ಸಮೀಪದ ನಮ್ಮ ಶಾಲೆಯ ಹಂಚಿನ ಮಾಡಿನ ಮೇಲೆ ಅಂದು ಮಳೆ ಎಷ್ಟು ಜೋರಾಗಿ ಹೊಯ್ಯುತ್ತಿತ್ತೆಂದರೆ, ಪಾಠವನ್ನು ಬದಿಗಿಟ್ಟು ಆ ಹಂಚಿನ ಕಥೆಯನ್ನೇ ಹೇಳತೊಡಗಿದ್ದೆ. ಬಾಸೆಲ್ ಮಿಶನ್ನಿನವರು ನಮ್ಮ ಊರಿಗೆ ಬಂದದ್ದು, ಮುದ್ರಣಾಲಯ ತೆರೆದದ್ದು, ಶಾಲೆಗಳನ್ನು ಕಟ್ಟಿದ್ದು, ಹಂಚಿನ ಕಾರ್ಖಾನೆ ಸ್ಥಾಪಿಸಿದ್ದು ಎಲ್ಲವನ್ನೂ ವಿವರಿಸಿ ಮುಗಿಸಿದಾಗ ಹಿಂದಿನ ಬೆಂಚಿನಿಂದ ಅವನು ಎದ್ದು ನಿಂತ.

“ಸರ್, ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಿದ್ದರು?”

ತರಗತಿಯವರೆಲ್ಲ ನಕ್ಕರು. ನನಗೆ ಉತ್ತರ ತಿಳಿದಿರಲಿಲ್ಲ. “ನೋಡಿ ಹೇಳುತ್ತೇನೆ, ಕುಳಿತುಕೋ” ಎಂದು ಅಧ್ಯಾಪಕರೆಲ್ಲ ಹೇಳುವ ಮಾತನ್ನೇ ನಾನೂ ಹೇಳಿದೆ. ಆ ಹುಡುಗನ ತಂದೆ ದುಬೈಯಲ್ಲಿ ಕೆಲಸಕ್ಕಿದ್ದರೆಂಬುದು ನನಗೆ ಗೊತ್ತಿತ್ತು. ಆದರೆ ಆ ಪ್ರಶ್ನೆಗೂ ಅದಕ್ಕೂ ಇದ್ದ ಸಂಬಂಧ ಆಗ ಹೊಳೆಯಲಿಲ್ಲ. ನಿವೃತ್ತಿಯ ಅನಂತರ ಬಿಡುವಿನಲ್ಲಿ ಮಿಶನ್ನಿನ ಚರಿತ್ರೆಯನ್ನು ಓದುತ್ತಾ ಹೋದಾಗಲೇ ಅದಕ್ಕೆ ಉತ್ತರ ಸಿಕ್ಕಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಈ ಮಿಶನ್ ಸ್ಥಾಪನೆಯಾದದ್ದು 1815ರಲ್ಲಿ. 1833ರ ಸನದು ಕಾಯಿದೆಯಿಂದಾಗಿ ಬ್ರಿಟಿಷರಲ್ಲದ ಪಾದ್ರಿಗಳೂ ಕಂಪನಿಯ ನೆಲದಲ್ಲಿ ನೆಲೆಸಲು ಅವಕಾಶವಾಯಿತು. ಮರುವರ್ಷವೇ ಸಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಇಂಗ್ಲೆಂಡಿನಿಂದ ಹಡಗು ಹತ್ತಿದರು. 1834ರ ಜುಲೈಯಲ್ಲಿ ಹೊರಟವರು ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ಆ ತಿಂಗಳ ಕೊನೆಗೆ ಮಂಗಳೂರನ್ನು ಸೇರಿದರು. ಅವರ ಹಿಂದೆ ಬಂದವರಲ್ಲಿಯೂ ಹೆಚ್ಚಿನವರು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ಕಡಲಿನಿಂದ ಬಹುದೂರದ, ಬೆಟ್ಟ ಮತ್ತು ದ್ರಾಕ್ಷಿತೋಟಗಳ ನಾಡು ಅದು.

ಅಂಥವರಿಗೆ ನಮ್ಮ ಕರಾವಳಿಯ ದಿನಗಳು ಹೇಗೆ ಕಂಡಿರಬೇಕು! ಆಗ ಮಂಗಳೂರಿನ ಬಂದರೆಂದರೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕಡಲನ್ನು ಸೇರುವ ಅಳಿವೆ. ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕಿದರೆ ಜನರೂ ಸಾಮಾನೂ ದೋಣಿಯಲ್ಲಿ ದಡಕ್ಕೆ ಬರಬೇಕು. ಜೂನ್ ಬಂತೆಂದರೆ ಕಡಲು ಮುಚ್ಚಿದಂತೆಯೇ. ಆಟಿ ತಿಂಗಳ ಮಳೆಯಲ್ಲಿ ಪುಸ್ತಕಗಳಿಗೆ ಬೂಷ್ಟು ಹಿಡಿಯುವುದನ್ನೂ, ಒಗೆದ ಬಟ್ಟೆ ವಾರವಾದರೂ ಒಣಗದಿರುವುದನ್ನೂ ಇಲ್ಲಿಯೇ ಹುಟ್ಟಿದ ನಾವು ಬಲ್ಲೆವು. ಹಿಮದ ನಾಡಿನಿಂದ ಬಂದವರಿಗೆ ಅದರ ಜತೆಗೆ ಜ್ವರ ಮತ್ತು ಆಮಶಂಕೆಗಳ ಭಯವೂ ಇತ್ತು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಊರಿಗೊಂದು ಪತ್ರ ಬರೆದರೆ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ತಾಯಿಯ ಕಾಯಿಲೆಯ ಸುದ್ದಿ ಕೈಸೇರುವ ಹೊತ್ತಿಗೆ ಆಕೆ ಗುಣಮುಖಳಾಗಿರಬಹುದು, ಇಲ್ಲವೆ ಮಣ್ಣಾಗಿರಬಹುದು.

ಅವರ ಸಂಸಾರದ ವಿಷಯವೂ ಅವರ ಕೈಯಲ್ಲಿರಲಿಲ್ಲ. ಸೇವೆಯ ಮೊದಲ ಎರಡು ವರ್ಷ ಮದುವೆಗೆ ಅನುಮತಿ ಕೇಳುವಂತಿರಲಿಲ್ಲ. ಅನುಮತಿ ಕೊಡುವುದು ಬಾಸೆಲಿನ ಸಮಿತಿ. ಎಷ್ಟೋ ಹೆಣ್ಣುಮಕ್ಕಳು ಮುಖ ಪರಿಚಯವೂ ಇಲ್ಲದ ವರನನ್ನು ವರಿಸಲು ಸಾವಿರಾರು ಮೈಲಿ ಕಡಲ ಪ್ರಯಾಣ ಮಾಡಿ ಬಂದರು. ನಮ್ಮ ಅಜ್ಜಿಯಂದಿರೂ ಗಂಡನ ಮುಖವನ್ನು ಧಾರೆಯ ಹೊತ್ತಿಗೆ ನೋಡಿದವರೇ. ಆದರೆ ಅವರ ತವರು ಎತ್ತಿನ ಗಾಡಿಯ ದೂರದಲ್ಲಿತ್ತು.

ಈ ಕಷ್ಟಗಳ ನಡುವೆ ಅವರು ಮಾಡಿದ ಕೆಲಸವನ್ನು ಕನ್ನಡಿಗರು ಬಲ್ಲರು. ಅವರು ಬಂದದ್ದು ಮತಪ್ರಚಾರಕ್ಕಾಗಿ ಎಂಬುದನ್ನು ಮರೆಮಾಚಬೇಕಾಗಿಲ್ಲ. 1844ರಲ್ಲಿ ಸಾರಸ್ವತ ಕುಟುಂಬದ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಊರು ಕೆರಳಿತ್ತು. ಆದರೆ ಮಾತು ಕಲಿಯದೆ ಮನೆಯೊಳಗೆ ಪ್ರವೇಶವಿಲ್ಲವೆಂದು ಅವರು ಅರಿತರು. 1836ರಲ್ಲಿ ಬಂದ ಹೆರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಆ ದಿನವನ್ನು ಇಂದಿಗೂ ಕನ್ನಡ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಅವರ ಧನಸಹಾಯದಿಂದ ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಅಮ್ಮನ್ 1847ರಲ್ಲಿ ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದರು. ಮೆನ್ನರ್ 1886ರಲ್ಲಿ ತುಳು ನಿಘಂಟನ್ನು ಕೊಟ್ಟರು. ಕಿಟ್ಟೆಲರ ಸುಮಾರು 70,000 ಪದಗಳ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಕನ್ನಡದ ಅಚ್ಚುಮೊಳೆಗಳಿಗಾಗಿ ದುಡಿದ ಪ್ಲೆಬ್ಸ್ಟ್ ಎಂಬವರೇ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಹೊಳೆಯ ಜೇಡಿಮಣ್ಣು ಅಲ್ಲಿಯೇ ಸಿಗುತ್ತಿತ್ತು. ವರ್ಷವರ್ಷ ಮುಳಿಹುಲ್ಲನ್ನೂ ತೆಂಗಿನ ಗರಿಯನ್ನೂ ಹೊದಿಸುತ್ತಿದ್ದ ಊರು ಮೆಲ್ಲನೆ ಕೆಂಪಾಯಿತು.

ಇನ್ನು ಹುಡುಗನ ಪ್ರಶ್ನೆಗೆ ಬರುತ್ತೇನೆ.

ಮೊಗ್ಲಿಂಗರು ಬಲ್ಮಠದ ಗುಡ್ಡದಲ್ಲಿ ಈ ನೆಲದ ಹುಡುಗರೊಡನೆ ಒಂದೇ ಮನೆಯಲ್ಲಿ ವಾಸಿಸಿ ಪಾಠ ಹೇಳುತ್ತಿದ್ದರು. ಮಿಶನ್ನಿನವರು ಕರಾವಳಿಯ ಉದ್ದಕ್ಕೂ ನಮ್ಮ ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. ಆದರೆ ತಮ್ಮ ಮಕ್ಕಳನ್ನು ಆ ಶಾಲೆಗಳಲ್ಲಿ ಓದಿಸಲಿಲ್ಲ. 1853ರಲ್ಲಿ ಮಿಶನ್ ಮಾಡಿದ ನಿಯಮದಂತೆ, ಶಾಲೆಗೆ ಹೋಗುವ ಪ್ರಾಯವಾದೊಡನೆ ಮಕ್ಕಳನ್ನು ಯುರೋಪಿಗೆ ಕಳುಹಿಸಬೇಕಾಗಿತ್ತು. ಹವೆ ಮತ್ತು ರೋಗಗಳ ಅಂಜಿಕೆ ಒಂದು ಕಾರಣ. ಆಯಾಗಳ ಮಡಿಲಿನಲ್ಲಿ ಬೆಳೆದು, ಮನೆಮಾತಿಗಿಂತ ಮೊದಲು ಇಲ್ಲಿಯ ಮಾತನ್ನು ಕಲಿತು, ಮಕ್ಕಳು ಪೂರ್ತಿ ಈ ನೆಲದವರೇ ಆಗಿಬಿಟ್ಟಾರು ಎಂಬ ಅಂಜಿಕೆ ಇನ್ನೊಂದು. ಆರೇಳು ವರ್ಷದ ಕೂಸುಗಳನ್ನು ಊರಿಗೆ ಮರಳುವ ಯಾರೋ ಸಹೋದ್ಯೋಗಿಯ ಜತೆ ಹಡಗು ಹತ್ತಿಸಲಾಗುತ್ತಿತ್ತು. ಅಲ್ಲಿ ಕೆಲವರು ನೆಂಟರ ಮನೆಯಲ್ಲಿ, ಉಳಿದವರು ಬಾಸೆಲಿನಲ್ಲಿ ಮಿಶನ್ನಿನವರೇ ನಡೆಸುತ್ತಿದ್ದ ಮಕ್ಕಳ ಮನೆಯಲ್ಲಿ ಬೆಳೆದರು. ಅಪ್ಪ ಅಮ್ಮ ಎಂದರೆ ಅವರಿಗೆ ಪತ್ರದಲ್ಲಿ ಬರುವ ಅಕ್ಷರ.

ನಿಯಮ ಬರುವ ಮೊದಲೂ ಹೀಗೆ ನಡೆಯುತ್ತಿತ್ತು. ಮೊಗ್ಲಿಂಗರ ಆಪ್ತಮಿತ್ರ ಹೆರ್ಮನ್ ಗುಂಡರ್ಟರು ತಲಶ್ಶೇರಿಯಲ್ಲಿದ್ದು ಮಲಯಾಳಕ್ಕೆ ನಿಘಂಟು, ವ್ಯಾಕರಣಗಳನ್ನು ಕೊಟ್ಟವರು. ಅವರ ಮಗಳು ಮೇರಿ 1842ರಲ್ಲಿ ಅಲ್ಲಿಯೇ ಹುಟ್ಟಿದಳು. ಆಕೆಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಯುರೋಪಿಗೆ ಹೋಗಿದ್ದ ತಂದೆತಾಯಿ, ಆಕೆಯನ್ನು ಅಲ್ಲಿಯೇ ಬಿಟ್ಟು ಕೆಲಸಕ್ಕೆ ಮರಳಿದರು. ಆಕೆ ಮತ್ತೆ ಅವರನ್ನು ಸೇರಿದ್ದು 1857ರಲ್ಲಿ, ಹದಿನೈದರ ತರುಣಿಯಾಗಿ. ಅದೇ ವರ್ಷ ಗುಂಡರ್ಟರು ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲಾ ಇನ್ಸ್‌ಪೆಕ್ಟರರಾದರು. ಎರಡು ಜಿಲ್ಲೆಗಳ ಮಕ್ಕಳ ಓದನ್ನು ಪರೀಕ್ಷಿಸಲು ಹೊರಟ ಅಧಿಕಾರಿ ತನ್ನ ಮಗಳು ಅಕ್ಷರ ತಿದ್ದಿದ್ದನ್ನು ಕಂಡಿರಲಿಲ್ಲ. ಈ ಮೇರಿಯ ಮಗನೇ ಮುಂದೆ ಪ್ರಸಿದ್ಧ ಸಾಹಿತಿಯಾದ ಹೆರ್ಮನ್ ಹೆಸ್ಸೆ.

ಇದನ್ನು ಓದಿದ ಮೇಲೆ ಆ ಮಹನೀಯರ ಬಗೆಗೆ ನನಗಿದ್ದ ಗೌರವವೇನೂ ಕಡಿಮೆಯಾಗಲಿಲ್ಲ. ಆದರೆ ನಿಘಂಟಿನ ಪುಟ ತಿರುವುವಾಗ ಈಗ ಬೇರೊಂದು ಲೆಕ್ಕವೂ ನೆನಪಾಗುತ್ತದೆ. ಪರಊರಿನ ದುಡಿಮೆಗೆ ದೊಡ್ಡವರು ತಾವೇ ಒಪ್ಪಿ ಹೊರಡುತ್ತಾರೆ. ಮಕ್ಕಳನ್ನು ಯಾರೂ ಕೇಳಿರುವುದಿಲ್ಲ.

ಜರ್ಮನರ ಈ ವಾಸ್ತವ್ಯಕ್ಕೆ 1914ರ ಮಹಾಯುದ್ಧ ತೆರೆ ಎಳೆಯಿತು. ಶತ್ರುದೇಶದವರೆಂದು ಅವರನ್ನು ಬಂಧನದಲ್ಲಿರಿಸಿ, ಬಳಿಕ ಊರಿಗೆ ಕಳುಹಿಸಲಾಯಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಅದಾಗಿ ಅರುವತ್ತು ವರ್ಷವಾಗುವಷ್ಟರಲ್ಲಿ ಅದೇ ಕರಾವಳಿಯ ಜನ ಕಡಲು ದಾಟಿ ಕೊಲ್ಲಿಯ ಊರುಗಳಿಗೆ ಹೊರಟರು. 1980ರ ದಶಕದ ನನ್ನ ತರಗತಿಯಲ್ಲಿ ತಂದೆ ದುಬೈ, ಮಸ್ಕತ್, ಬಹ್ರೈನ್‌ಗಳಲ್ಲಿದ್ದ ಮಕ್ಕಳು ಪ್ರತಿ ಸಾಲಿನಲ್ಲಿಯೂ ಇದ್ದರು. ಪತ್ರದ ಜತೆಗೆ ಮಾತು ತುಂಬಿದ ಕ್ಯಾಸೆಟ್ಟುಗಳು ಬರುತ್ತಿದ್ದವು. ಓದು ಬಾರದ ತಾಯಂದಿರಿಗೆ ನಾನೇ ಎಷ್ಟೋ ಪತ್ರಗಳನ್ನು ಓದಿ ಹೇಳಿದ್ದೇನೆ. “ಮಗ ಈಗ ಎಷ್ಟು ಎತ್ತರ ಆಗಿದ್ದಾನೆ?” ಎಂಬ ವಾಕ್ಯ ಇಲ್ಲದ ಪತ್ರ ಕಡಿಮೆ.

2011ರಲ್ಲಿ ಒಂದು ಮಧ್ಯಾಹ್ನ ಆ ಹಿಂದಿನ ಬೆಂಚಿನ ಹುಡುಗ ಮನೆಗೆ ಬಂದ. ಈಗ ಅವನೂ ದುಬೈಯಲ್ಲಿದ್ದು, ರಜೆಯ ಮೇಲೆ ಬಂದಿದ್ದ. ಹೆಂಡತಿಯೂ ಅಲ್ಲಿಯೇ ಕೆಲಸಕ್ಕಿದ್ದಾಳೆ. ಅಲ್ಲಿ ಶಾಲೆಯ ಫೀಸು ದುಬಾರಿಯೆಂದು ಮಗಳನ್ನು ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದೇವೆ ಎಂದ. ಇಪ್ಪತ್ತೆಂಟು ವರ್ಷ ತಡವಾಗಿ ನಾನು ಅವನ ಪ್ರಶ್ನೆಗೆ ಉತ್ತರ ಹೇಳಿದೆ. ಪ್ರಶ್ನೆಯನ್ನು ಅವನು ಮರೆತಿದ್ದ. ಆದರೆ ಮೇರಿಯ ಕಥೆಯನ್ನು ಕೇಳುತ್ತಾ ಸುಮ್ಮನಾದ.

“ಎಷ್ಟು ವರ್ಷ ಸರ್, ಅಪ್ಪ ಅಮ್ಮನನ್ನು ನೋಡದೆ?”

“ಹನ್ನೊಂದು.”

ಅವನು ಗೋಡೆಯ ಗಡಿಯಾರವನ್ನು ನೋಡಿದ. “ಶಾಲೆ ಬಿಡುವ ಹೊತ್ತಾಯಿತು ಸರ್, ಇವತ್ತು ಮಗಳನ್ನು ನಾನೇ ಕರೆದುಕೊಂಡು ಬರುತ್ತೇನೆ” ಎಂದು ಎದ್ದ. ನನ್ನಾಕೆ ತಂದಿಟ್ಟ ಚಹಾವನ್ನು ನಿಂತುಕೊಂಡೇ ಕುಡಿದು, ಮಳೆ ಹನಿಯುತ್ತಿದ್ದರೂ ಲೆಕ್ಕಿಸದೆ ಹೊರಟುಹೋದ.